ಮೊದಲ ನೀರು

ಪವಿತ್ರ ಗುರುವಾರದ ಸಂಜೆ ಪಾದ್ರಿ ಹನ್ನೆರಡು ಗಂಡಸರ ಕಾಲು ತೊಳೆಯುತ್ತಾರೆ. ಯೇಸುಸ್ವಾಮಿ ಸಾಯುವ ಹಿಂದಿನ ದಿನ ಶಿಷ್ಯರ ಕಾಲು ತೊಳೆದನಲ್ಲ, ಅದರ ನೆನಪಿಗೆ. ಬೆಳ್ಳಿಯ ಹೂಜಿ, ಬೆಳ್ಳಿಯ ಬೋಗುಣಿ, ತೋಳಿನ ಮೇಲೆ ಬಿಳಿ ಟವೆಲು. ಇಷ್ಟು ದೊಡ್ಡವರು ಇಷ್ಟು ತಗ್ಗಿದರಲ್ಲ ಎಂದು ಸಭೆ ಕಣ್ಣೊರೆಸಿಕೊಳ್ಳುತ್ತದೆ. ಆದರೆ ಪಾದ್ರಿಯ ಕೈಗೆ ಬರುವ ಹೊತ್ತಿಗೆ ಆ ಕಾಲುಗಳನ್ನು ತೊಳೆದು, ಒರೆಸಿ, ಉಗುರು ಕತ್ತರಿಸಿ ಆಗಿರುತ್ತದೆ. ಅದನ್ನು ಮಾಡುವವಳು ಚರ್ಚು ಗುಡಿಸುವ ಹೆಂಗಸು. ಎಲ್ಲರೂ ಅವಳನ್ನು ಪೇತ್ರನತ್ತೆ ಎನ್ನುತ್ತಾರೆ.

ಇದಕ್ಕೆ ಮೊದಲ ನೀರು ಎಂದು ಹೆಸರು. ಆರಾಧನೆಗೆ ಒಂದು ಗಂಟೆ ಮುಂಚೆ ಹನ್ನೆರಡು ಮಂದಿ ಹಿಂದಿನ ಕೋಣೆಗೆ ಬರುತ್ತಾರೆ. ಬೆಂಚಿನ ಮೇಲೆ ಕೂರುತ್ತಾರೆ. ಪ್ಯಾಂಟು ಮಡಿಸುತ್ತಾರೆ. ಪೇತ್ರನತ್ತೆ ಮಂಡಿಯೂರಿ, ಒಂದೊಂದೇ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಸೋಪು ಹಚ್ಚಿ ಕಲ್ಲಿನಿಂದ ಉಜ್ಜುತ್ತಾಳೆ. ಇಪ್ಪತ್ತನಾಲ್ಕು ಕಾಲು, ನೂರಿಪ್ಪತ್ತು ಬೆರಳು. ಅವರು ತಲೆಯ ಮೇಲೆ ಮಾತಾಡುತ್ತಿರುತ್ತಾರೆ. ಚರ್ಚಿಗೆ ಹೊಸ ಸುಣ್ಣ, ಯಾರದೋ ಮಗನ ಸಂಬಂಧ. ಕಾಲಿನ ಬುಡದಲ್ಲಿ ಒಬ್ಬಳಿದ್ದಾಳೆ ಎಂಬುದು ಅವರಿಗೆ ನೆನಪಾಗುವುದು ನೀರು ಬಿಸಿಯಾದಾಗ ಮಾತ್ರ.

ಇದು ಶುರುವಾದದ್ದು ಇಪ್ಪತ್ತೆರಡು ವರ್ಷದ ಹಿಂದೆ. ಇಟ್ಟಿಗೆ ಗೂಡಿನ ಯಜಮಾನ ಒಬ್ಬ ಗೂಡಿನಿಂದ ನೇರವಾಗಿ ಬಂದು ಹನ್ನೆರಡರಲ್ಲಿ ಒಬ್ಬನಾಗಿ ಕೂತ. ಅವನ ಕಾಲಿನ ಕೆಸರು ಅಂದಿನ ಪಾದ್ರಿಯ ನಿಲುವಂಗಿಯ ಕಸೂತಿ ತೋಳಿಗೆ ಮೆತ್ತಿತು. ಪಾದ್ರಿಯ ಹೆಂಡತಿ ಆ ನಿಲುವಂಗಿಯನ್ನು ಒಗೆಯಲು ಇವಳ ಕೈಗೆ ಕೊಟ್ಟು, "ಮುಂದಿನ ವರ್ಷದಿಂದ ಅವರ ಕಾಲನ್ನ ಒಂದ್ಸಲ ಒರೆಸಿ ಕಳಿಸಿಬಿಡಮ್ಮ" ಅಂದಳು. ಒರೆಸುವುದು ತೊಳೆಯುವುದಾಯಿತು. ತೊಳೆಯುವುದು ಉಜ್ಜುವುದಾಯಿತು. ಆಮೇಲೆ ಉಗುರು. ಬೆರಳು ಕೊಟ್ಟರೆ ಹಸ್ತ ನುಂಗುವವರು. ಪಾದ್ರಿಗಳು ಮೂವರು ಬದಲಾದರು, ಮೊದಲ ನೀರು ಬದಲಾಗಲಿಲ್ಲ.

ಅವಳಿಗೆ ಈ ಹನ್ನೆರಡು ಹಿರಿಯರ ಮುಖಕ್ಕಿಂತ ಕಾಲು ಚೆನ್ನಾಗಿ ಗೊತ್ತು. ಮರದ ವ್ಯಾಪಾರಿಯ ಬೆರಳ ಸಂದಿಯಲ್ಲಿ ಹುಳುಕು. ನಿವೃತ್ತ ಹೆಡ್‌ಮಾಸ್ಟರರ ಉಗುರು ಟಗರಿನ ಕೊಂಬಿನ ಹಾಗೆ ಸುತ್ತಿಕೊಂಡಿದೆ. ಔಷಧಿ ಅಂಗಡಿಯವನ ಅಂಗಾಲಿನಲ್ಲಿ ಆಣಿ. ಅವನ ಅಂಗಡಿಯಲ್ಲಿ ಅದಕ್ಕೆ ಮುಲಾಮು ಸಿಗುತ್ತದೆ, ಅವನು ಹಚ್ಚುವುದಿಲ್ಲ. ಅವಳ ಕಾಲು ಯಾರಿಗೂ ಗೊತ್ತಿಲ್ಲ. ಹಿಮ್ಮಡಿ ಒಡೆದು ಬೆರಳು ತೂರುವಷ್ಟು ಬಿರುಕು ಬಿಟ್ಟಿದೆ. ಪೀಠದ ಮೇಲೆ ಉರಿದು ಉಳಿದ ಮೇಣದಬತ್ತಿಯ ತುಂಡನ್ನು ಎಣ್ಣೆಯಲ್ಲಿ ಕರಗಿಸಿ ಆ ಬಿರುಕಿಗೆ ತುಂಬಿಕೊಳ್ಳುತ್ತಾಳೆ. ದೇವರ ಬೆಳಕಿನಲ್ಲಿ ಅವಳಿಗೆ ಸಿಕ್ಕ ಪಾಲು ಅಷ್ಟೇ.

ಆ ಅಡ್ಡಹೆಸರನ್ನು ಇಟ್ಟವಳು ಓದೋ ಅಜ್ಜಿ. ನಲವತ್ತು ವರ್ಷ ಮನೆಮನೆ ತಿರುಗಿ ಹೆಂಗಸರಿಗೆ ಬೈಬಲ್ ಓದಿ ಹೇಳಿದವಳು. ಪೀಠದ ಮೇಲೆ ನಿಂತು ಒಂದೇ ಒಂದು ವಾಕ್ಯವನ್ನೂ ಓದಿದವಳಲ್ಲ, ಯಾಕೆಂದರೆ ಪೀಠದ ಮೂರು ಮೆಟ್ಟಿಲನ್ನು ಆರಾಧನೆಯ ಹೊತ್ತಿನಲ್ಲಿ ಹೆಂಗಸು ಹತ್ತುವ ಹಾಗಿಲ್ಲ. ಶನಿವಾರ ಒರೆಸುವ ಬಟ್ಟೆ ಹಿಡಿದು ಹತ್ತಬಹುದು. ಒಮ್ಮೆ ಹಿರಿಯರೊಬ್ಬರ ಮನೆಯ ಮದುವೆಯ ಹಿಂದಿನ ದಿನ ಚರ್ಚು ಗುಡಿಸುವವಳ ಮೈ ಜ್ವರದಿಂದ ಕೆಂಡವಾಗಿತ್ತು. ಆದರೂ ಎದ್ದು ಬಂದು ಬೆಂಚು ಒರೆಸುತ್ತಿದ್ದಳು. ಅಜ್ಜಿ ನೋಡಿ, "ಬಾರೇ ಪೇತ್ರನತ್ತೆ" ಅಂದಳು.

"ಅದ್ಯಾರಜ್ಜಿ?"

"ಪೇತ್ರನ ಹೆಂಡತಿಯ ತಾಯಿ. ಜ್ವರ ಬಂದು ಮಲಗಿದ್ಲು. ಸ್ವಾಮಿ ಕೈ ಹಿಡಿದ, ಜ್ವರ ಬಿಡ್ತು. ಕೂಡ್ಲೇ ಎದ್ದು ಎಲ್ರಿಗೂ ಬಡಿಸಿದ್ಲು ಅಂತ ಬರೆದವ್ರೆ."

"ಆಮೇಲೆ?"

"ಆಮೇಲೆ ಏನಿಲ್ಲ. ಬಡಿಸಿದ ಮೇಲೆ ಹೆಂಗಸಿನ ಕಥೆ ಮುಗೀತು."

"ಹೆಸರು?"

"ಬರೆದವರಿಗೆ ಊಟ ಬಂತಲ್ಲ. ಹೆಸರು ಯಾಕೆ ಬೇಕು?"

ಬುಧವಾರದ ಮಧ್ಯಾಹ್ನ ಹಿಂದಿನ ಕೋಣೆಯಲ್ಲಿ ಅಜ್ಜಿ ಓದುತ್ತಿದ್ದಳು. ಹೂವು ಜೋಡಿಸುವವರು, ಬಟ್ಟೆ ಒಗೆಯುವವರು, ಪಾತ್ರೆ ತಿಕ್ಕುವವರು ಕೆಲಸ ಮಾಡುತ್ತಲೇ ಕೇಳುತ್ತಿದ್ದರು. ಪೀಠದಿಂದ ಎಂದೂ ಕೇಳದ ಕಥೆಗಳು. ಗುಡಾರದ ಗೂಟವನ್ನು ಸೇನಾಪತಿಯ ತಲೆಗೆ ಹೊಡೆದ ಯಾಯೇಲ. ಸಂತ ಪೌಲನ ದೊಡ್ಡ ಕಾಗದದಲ್ಲಿ ಎಲ್ಲರಿಗಿಂತ ಮೊದಲು ಹೊಗಳಿಸಿಕೊಂಡ, ಒಂದು ಸಭೆಯ ಸೇವೆ ನಡೆಸಿದ ಫೊಯಿಬೆ. "ಈಗ ನಮ್ಮ ಚರ್ಚಿಗೆ ಬಂದಿದ್ರೆ ಅವಳ ಕೈಗೆ ಪೊರಕೆ ಕೊಟ್ಟಿರೋರು" ಎಂದು ಅಜ್ಜಿ ಅಂದಾಗ ಹೆಂಗಸರು ಬಾಯಿಗೆ ಬಟ್ಟೆ ಒತ್ತಿ ನಗುತ್ತಿದ್ದರು.

ಯೆಫ್ತಾಹನ ಮಗಳ ಕಥೆ ಕೇಳಿದ ದಿನ ಯಾರೂ ನಗಲಿಲ್ಲ. ಯೆಫ್ತಾಹ ದೇವರಿಗೆ ಮಾತು ಕೊಟ್ಟಿದ್ದ. ಯುದ್ಧ ಗೆದ್ದರೆ ಮನೆಯಿಂದ ಮೊದಲು ಎದುರು ಬರುವವರನ್ನು ಬಲಿ ಕೊಡುತ್ತೇನೆಂದು. ಎದುರು ಬಂದದ್ದು ಒಬ್ಬಳೇ ಮಗಳು. ಅವನು ಮಾತು ಉಳಿಸಿಕೊಂಡ. ಪೇತ್ರನತ್ತೆಗೆ ಅದು ಎದೆಯಲ್ಲಿ ಮುಳ್ಳು ಮುರಿದ ಹಾಗೆ ಉಳಿಯಿತು. ಅವಳಿಗೂ ಇದ್ದದ್ದು ಒಬ್ಬಳೇ ಮಗಳು.

ಮಗಳನ್ನು ಕೊಟ್ಟದ್ದು ಒಬ್ಬ ಲಾರಿ ಡ್ರೈವರನಿಗೆ. ಚರ್ಚಿನಲ್ಲಿ ಅವನಷ್ಟು ಚೆನ್ನಾಗಿ ಹಾಡುವವರಿರಲಿಲ್ಲ. ಆ ದನಿ ಕೇಳಿಯೇ ಕೊಟ್ಟಳು, ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಂಡಳು. ಎರಡು ವರ್ಷದ ಹಿಂದೆ, ಮಗಳು ಏಳು ತಿಂಗಳ ಬಸುರಿಯಾಗಿದ್ದಾಗ, ಅವನು ಅವಳ ಹೊಟ್ಟೆಗೆ ಒದ್ದ. ಸ್ನಾನಕ್ಕೆ ನೀರು ಕಾಯಿಸಿರಲಿಲ್ಲ ಎಂಬ ಕಾರಣಕ್ಕೆ. ಕೂಸು ಸತ್ತೇ ಹುಟ್ಟಿತು. ಹೆಣ್ಣು.

ಆಸ್ಪತ್ರೆಯಲ್ಲಿ, ಮನೆಯ ಮೆಟ್ಟಿಲಿನಿಂದ ಜಾರಿಬಿದ್ದಳು ಎಂದು ಬರೆಸಲು ಹೇಳಿದವರು ಈಗಿನ ಪಾದ್ರಿಯೇ. "ಸಭೆಯ ಮಾನ ಬೀದಿಗೆ ಬರಬಾರದು" ಅಂದರು. ಬರೆಸಿದ್ದಾಯಿತು. ದೀಕ್ಷಾಸ್ನಾನವಾಗದ ಕೂಸಿಗೆ ಚರ್ಚಿನ ಮಣ್ಣು ಕೊಡಲಾಗುವುದಿಲ್ಲ ಎಂದವರೂ ಅವರೇ. ಪೇತ್ರನತ್ತೆ ತೋಟದ ಗುದ್ದಲಿ ಹಿಡಿದು ಕಾಂಪೌಂಡಿನ ಗೋಡೆಯ ಆಚೆ ತಾನೇ ಅಗೆದಳು. ಅಂದಿನಿಂದ ಮಗಳು ಅವಳ ಜೊತೆಗೇ ಇದ್ದಾಳೆ, ಚರ್ಚಿನ ಹಿಂದಿನ ಒಂದು ಕೋಣೆಯಲ್ಲಿ. ಆಸ್ಪತ್ರೆಯೊಂದರ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಾಳೆ. ಹೆಚ್ಚು ಮಾತಿಲ್ಲ. ಯಾರಾದರೂ ಹಿಂದಿನಿಂದ ಜೋರಾಗಿ ನಡೆದು ಬಂದರೆ ಗೋಡೆಗೆ ಒರಗಿ ದಾರಿ ಬಿಡುತ್ತಾಳೆ.

ಈ ವರ್ಷ ಅವನು ಬದಲಾದನಂತೆ. ಒಂದು ಭಾನುವಾರ ಸಭೆಯ ಮುಂದೆ ನಿಂತು ಸಾಕ್ಷಿ ಹೇಳಿದ. ನಾನು ಪಾಪಿ ಅಂದ. ಸೈತಾನ ನನ್ನ ಕೈಕಾಲು ಹಿಡಿದುಕೊಂಡಿದ್ದ ಅಂದ. ಏನು ಮಾಡಿದೆ, ಯಾರಿಗೆ ಮಾಡಿದೆ ಎಂದು ಮಾತ್ರ ಹೇಳಲಿಲ್ಲ. ಎಲ್ಲವನ್ನೂ ಸೈತಾನನ ತಲೆಗೆ ಕಟ್ಟಿ ಹಾಡತೊಡಗಿದ. ಸಭೆ ಅತ್ತಿತು. ಹಿಂದಿನ ಬೆಂಚಿನಲ್ಲಿ ಮಗಳು ಮಡಿಲಲ್ಲಿದ್ದ ಕರವಸ್ತ್ರವನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

ಮುಂದಿನ ವಾರ ಪಾದ್ರಿ ಪೇತ್ರನತ್ತೆಯನ್ನು ಆಫೀಸಿಗೆ ಕರೆದರು. ಅವರು ಕೂತಿದ್ದರು. ಅವಳು ನಿಂತಿದ್ದಳು. ಮೇಜಿನ ಮೇಲೆ ಅವಳೇ ಬೆಳಿಗ್ಗೆ ಒರೆಸಿದ ಗಾಜು.

"ನಮ್ಮ ಹನ್ನೆರಡನೇ ಹಿರಿಯರು ತೀರಿಕೊಂಡ್ರಲ್ಲ. ಆ ಕುರ್ಚಿಯಲ್ಲಿ ಈ ಗುರುವಾರ ನಿನ್ನ ಅಳಿಯನ್ನ ಕೂರಿಸ್ತಾ ಇದ್ದೀವಿ."

ಅವಳು ಸೆರಗಿನಿಂದ ಕೈ ಒರೆಸಿಕೊಂಡಳು.

"ನಿನಗೆ ಸಂತೋಷ ಆಗ್ಬೇಕಮ್ಮ. ಕಳೆದುಹೋದ ಕುರಿ ಸಿಕ್ಕಿದೆ."

"ಕುರಿ ಅವನಲ್ಲ ಅಯ್ನೋರೇ."

ಪಾದ್ರಿ ಅದನ್ನು ಕೇಳಿಸಿಕೊಳ್ಳಲಿಲ್ಲ. ಕೇಳಿಸಿಕೊಳ್ಳದಿರುವುದು ಅವರಿಗೆ ಚೆನ್ನಾಗಿ ಬರುತ್ತಿತ್ತು. "ನೀನು ಎಲ್ರಿಗೂ ಹಾಕೋ ಹಾಗೆ ಅವನಿಗೂ ಮೊದಲ ನೀರು ಹಾಕು. ನೀನು ಅವನ ಕಾಲು ತೊಳೆದ್ರೆ ಕ್ಷಮಿಸಿದ ಹಾಗೆ. ಆರಾಧನೆ ಮುಗಿದ ಮೇಲೆ ನಿನ್ನ ಮಗಳು ಅವನ ಜೊತೆ ಮನೆಗೆ ಹೋಗ್ತಾಳೆ. ನಾನೇ ಪ್ರಾರ್ಥನೆ ಮಾಡಿ ಕಳಿಸ್ತೀನಿ. ಸಭೆಗೆ ಮಾತು ಕೊಟ್ಟಾಗಿದೆ."

"ಅವಳನ್ನ ಕೇಳಿದ್ರಾ?"

"ಅವಳು ಹೆಂಡತಿ. ಕೇಳೋದೇನಿದೆ?"

"ನಾನು ತೊಳೀದಿದ್ರೆ?"

ಪಾದ್ರಿ ನಕ್ಕರು. ಕೆಟ್ಟ ನಗೆಯಲ್ಲ, ಮಕ್ಕಳಿಗೆ ನಗುವ ನಗೆ. "ನಿನ್ನನ್ನ ಕೆಲಸದಿಂದ ಬಿಡಿಸ್ತೀವಿ ಅಂತ ನಾನು ಹೇಳ್ತಿಲ್ಲ. ಮನಸ್ಸಲ್ಲಿ ದ್ವೇಷ ಇಟ್ಕೊಂಡವರು ಚರ್ಚಿನ ಕಾಂಪೌಂಡಲ್ಲಿ ಇರೋದು ಸರಿಯಲ್ಲ, ಅಷ್ಟೇ."

ತೊಳೆಯದಿದ್ದರೆ ಕೆಲಸವೂ ಹೋಗುತ್ತದೆ, ಕೋಣೆಯೂ ಹೋಗುತ್ತದೆ. ಅವಳಿಗೆ ಅರ್ಥವಾಯಿತು. ಯೆಫ್ತಾಹನೂ ಮಾತು ಕೊಟ್ಟಿದ್ದ ಎಂಬುದು ನಾಲಿಗೆಯ ತುದಿಗೆ ಬಂತು. ಬಾಯಿಂದ ಹೊರಬರಲಿಲ್ಲ. ಇಪ್ಪತ್ತೆರಡು ವರ್ಷ ಹೂಂ ಎಂದ ಬಾಯಿ. ಹೂಂ ಎನ್ನದೆ ಹೊರಬಂದದ್ದೇ ಅವಳಿಗೆ ದೊಡ್ಡದಾಗಿ ಕಂಡಿತು. ಆದರೆ ಪಾದ್ರಿ ಅದನ್ನು ಹೂಂ ಎಂದೇ ತಿಳಿದರು.

ಗುರುವಾರ ಮಧ್ಯಾಹ್ನ ತಾಯಿ ಮಗಳು ಕೋಣೆಯಲ್ಲಿ ಕೂತು ಬಿಳಿ ಟವೆಲುಗಳನ್ನು ಮಡಿಸುತ್ತಿದ್ದರು. ಹನ್ನೆರಡು ಟವೆಲು. ಮಗಳೇ ಇಸ್ತ್ರಿ ಹಾಕಿದ್ದಳು. ಕೋಣೆಯಲ್ಲಿ ಒಂದು ಮಂಚ, ಒಂದು ಟ್ರಂಕು, ಒಂದು ಸ್ಟವ್. ಕಿಟಕಿಯಿಂದ ಕಾಂಪೌಂಡಿನ ಗೋಡೆ ಕಾಣುತ್ತಿತ್ತು. ಗೋಡೆಯ ಆಚೆಯದು ಕಾಣುತ್ತಿರಲಿಲ್ಲ, ಆದರೆ ಇಬ್ಬರಿಗೂ ಎಲ್ಲಿದೆ ಎಂದು ಗೊತ್ತಿತ್ತು.

"ಅಮ್ಮಾ, ತೊಳೆದುಬಿಡು" ಎಂದಳು ಮಗಳು.

ಪೇತ್ರನತ್ತೆ ತಲೆ ಎತ್ತಿದಳು.

"ನಾನು ಹೋಗ್ತೀನಿ. ಈ ವಯಸ್ಸಲ್ಲಿ ನೀನು ಟ್ರಂಕು ಹೊತ್ಕೊಂಡು ಬೀದಿಗೆ ಬೀಳೋದು ಬೇಡ. ಬಟ್ಟೆ ಬರೆ ಕಟ್ಟಿಟ್ಟಿದ್ದೀನಿ."

ಮಂಚದ ಕೆಳಗೆ ಗಂಟು ಇತ್ತು. ಯಾವಾಗ ಕಟ್ಟಿದಳೋ. ಗಂಟು ತೀರ ಚಿಕ್ಕದಾಗಿತ್ತು. ವಾಪಸು ಬರುವವಳ ಗಂಟೂ ಅಲ್ಲ, ಬಾಳುವವಳ ಗಂಟೂ ಅಲ್ಲ. ಪೇತ್ರನತ್ತೆಗೆ ಸಿಟ್ಟು ಬಂತು. ಮಗಳ ಮೇಲಲ್ಲ. ಇವಳಿಗೆ ಹೀಗೆ ಹೇಳಲು ಕಲಿಸಿದ್ದು ಯಾರು? ನಾನೇ ಅಲ್ಲವೇ. ಇವಳು ಹುಟ್ಟಿದಾಗಿನಿಂದ ಕಂಡದ್ದು ಮಂಡಿಯೂರಿದ ತಾಯಿಯನ್ನು.

"ನಿಂಗೆ ಹೋಗೋಕೆ ಇಷ್ಟ ಇದ್ಯಾ?"

ಮಗಳು ಟವೆಲಿನ ಅಂಚು ಜೋಡಿಸುತ್ತ ಹೇಳಿದಳು, "ಅವನು ಬೂಟು ಬಿಚ್ಚೋ ಸದ್ದು ಇನ್ನೂ ಕನಸಲ್ಲಿ ಕೇಳ್ಸುತ್ತೆ ಅಮ್ಮಾ."

ಇಬ್ಬರೂ ಟವೆಲು ಮಡಿಸಿ ಮುಗಿಸಿದರು.

ನಾಲ್ಕೂವರೆಗೆ ಹಿರಿಯರು ಬಂದರು. ಕೋಣೆ ಸೆಂಟು ಮತ್ತು ಕಾಲಿನ ಬೆವರಿನ ವಾಸನೆಯಿಂದ ತುಂಬಿತು. ಈಗಿನ ಪಾದ್ರಿಯ ಹೆಂಡತಿ, ಪಾದ್ರಿಯಮ್ಮ, ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದಳು. ಪೇತ್ರನತ್ತೆ ಮಂಡಿಯೂರಿ ಒಬ್ಬೊಬ್ಬರದೇ ತೊಳೆದಳು. ಹುಳುಕು ತೊಳೆದಳು. ಆಣಿ ಉಜ್ಜಿದಳು. ಹೆಡ್‌ಮಾಸ್ಟರರ ಉಗುರು ಕತ್ತರಿಸಲು ಎರಡೂ ಕೈ ಬೇಕಾಯಿತು. ಚೂರು ಸಿಡಿದು ಕೆನ್ನೆಗೆ ತಾಗಿತು. "ನಿಧಾನ, ನಿಧಾನ" ಅಂದರು ಹೆಡ್‌ಮಾಸ್ಟರು, ತಮ್ಮ ಬೆರಳಿನ ಬಗ್ಗೆ. ಹನ್ನೊಂದು ಮಂದಿಯದಾಗುವ ಹೊತ್ತಿಗೆ ಸೊಂಟ ಹಿಡಿದುಕೊಂಡಿತ್ತು. ಕೈಯ ಚರ್ಮ ಬೆಂದ ಹಾಗೆ ಬೆಳ್ಳಗಾಗಿತ್ತು.

ಹನ್ನೆರಡನೆಯವನು ತಡವಾಗಿ ಬಂದ. ಹೊಸ ಬಿಳಿ ಅಂಗಿ. ಬೂಟು ಬಿಚ್ಚಿದ. ಕೇಳದೆಯೇ ಬಲಗಾಲನ್ನು ಅವಳ ತೊಡೆಯ ಮೇಲಿಟ್ಟ. ಕಾಲು ಕರ್ರಗಿತ್ತು. ಕಣಕಾಲಿನವರೆಗೂ ಎಂಜಿನ್ ಆಯಿಲ್.

"ಚೆನ್ನಾಗಿ ಉಜ್ಜು ಅತ್ತೇ. ಬೆಳಗ್ಗೆಯಿಂದ ಲಾರಿ ಕೆಳಗೇ ಮಲಗಿದ್ದೆ."

"ಮನೇಲಿ ತೊಳ್ಕೊಂಡು ಬರಬಹುದಿತ್ತು."

"ನೀನಿದ್ದೀಯಲ್ಲ."

ಅವಳು ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದಳು. ಇಪ್ಪತ್ತೆರಡು ವರ್ಷದ ಅಭ್ಯಾಸ, ಕೈ ತಾನಾಗಿಯೇ ಹಿಡಿಯಿತು. ಹಿಡಿದ ಮೇಲೆ ತಿಳಿಯಿತು. ಎರಡು ವರ್ಷದ ಹಿಂದೆ ಮಗಳ ಹೊಟ್ಟೆಯ ಮೇಲೆ ಒಂದು ನೀಲಿ ಗುರುತು ಇತ್ತು. ಬಿಸಿನೀರಿನ ಬಟ್ಟೆ ಇಡುವಾಗ ಅವಳ ಅಂಗೈ ಆ ಗುರುತನ್ನು ಸರಿಯಾಗಿ ಮುಚ್ಚುತ್ತಿತ್ತು. ಈಗ ಅದೇ ಅಂಗೈಯಲ್ಲಿ ಈ ಹಿಮ್ಮಡಿ ಸರಿಯಾಗಿ ಕೂತಿತು. ಒಂದು ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

ಅವಳು ಕಾಲನ್ನು ಎತ್ತಿ ನೆಲಕ್ಕೆ ಇಟ್ಟಳು. ಎದ್ದಳು. ಮಂಡಿ ಲಟಕ್ಕೆಂದಿತು. ಬಕೆಟ್ಟು ಎತ್ತಿಕೊಂಡು ಹೋಗಿ ಇದ್ದ ನೀರನ್ನೆಲ್ಲ ಮೋರಿಗೆ ಸುರಿದಳು.

"ಏನಮ್ಮಾ ಇದು?" ಎಂದಳು ಪಾದ್ರಿಯಮ್ಮ.

"ನೀರು ಮುಗೀತು."

"ಇನ್ನೊಂದು ಬಕೆಟ್ ತಾ."

"ನಾನು ಇದನ್ನ ತೊಳೆಯಲ್ಲ ಅಮ್ಮಾ."

ಹನ್ನೊಂದು ಮಂದಿ ಮಾತು ನಿಲ್ಲಿಸಿದರು. ತಲೆಯ ಮೇಲೆ ಮಾತಾಡುತ್ತಿದ್ದವರಿಗೆ ಈಗ ಅವಳ ಮುಖ ಎದುರಿಗಿತ್ತು. ಪಾದ್ರಿಯಮ್ಮ ಅಳಿಯನ ಕಡೆ ತಿರುಗಿ, "ಹೊರಗೆ ನಲ್ಲಿ ಇದೆ, ನೀವೇ ಸ್ವಲ್ಪ ತೊಳ್ಕೊಂಡುಬಿಡಿ" ಅಂದಳು.

"ನಾನ್ಯಾಕೆ ತೊಳ್ಕೊಳ್ಳಿ? ಇವಳು ತೊಳೀತಾಳೆ ಅಂತ ಅಯ್ನೋರು ಹೇಳಿದ್ದಾರೆ" ಎಂದು ಅವನು ಕಾಲು ಚಾಚಿಯೇ ಕೂತ. ಅಷ್ಟರಲ್ಲಿ ಗಂಟೆ ಹೊಡೆಯಿತು. ಆರ್ಗನ್ನು ಶುರುವಾಯಿತು. ಹನ್ನೆರಡು ಮಂದಿ ಸಾಲಾಗಿ ಬರಿಗಾಲಲ್ಲಿ ಒಳಗೆ ಹೋದರು. ಕೊನೆಯವನು ಹೋದ ದಾರಿಯಲ್ಲಿ ಬಿಳಿ ಕಲ್ಲಿನ ಮೇಲೆ ಒಂದರ ಹಿಂದೊಂದು ಕಪ್ಪು ಹೆಜ್ಜೆ ಬಿತ್ತು.

ಪೇತ್ರನತ್ತೆ ಪಕ್ಕದ ಬಾಗಿಲ ಬಳಿ ನಿಂತಳು. ಅದು ಅವಳ ಜಾಗ. ಪಾದ್ರಿ ಮೆಟ್ಟಿಲಿನ ಮೇಲೆ ಕುರ್ಚಿಯಿಂದ ಕುರ್ಚಿಗೆ ಸರಿದರು. ಮೂರು ಹನಿ ನೀರು, ಒಂದು ಒರೆಸು, ತಲೆ ಬಾಗಿಸಿ ಒಂದು ಮುತ್ತು. ಹನ್ನೊಂದು ಕುರ್ಚಿ ಸುಗಮವಾಗಿ ಆಯಿತು. ಹನ್ನೆರಡನೆಯದರ ಮುಂದೆ ಮಂಡಿಯೂರಿ ನೀರು ಹಾಕಿದರು. ನೀರು ಕಪ್ಪಾಗಿ ಬೋಗುಣಿಗೆ ಇಳಿಯಿತು. ಟವೆಲಿನಿಂದ ಒರೆಸಿದರು. ಟವೆಲು ಕಪ್ಪಾಯಿತು. ಇನ್ನೊಂದು ತೆಗೆದುಕೊಂಡರು. ಆಯಿಲ್ ಬಿಡಲಿಲ್ಲ, ಹರಡಿತು. ಬೆರಳ ತುದಿಯಲ್ಲಿ ಕಾಲನ್ನು ಹಿಡಿದುಕೊಂಡರು, ಸತ್ತ ಇಲಿಯ ಬಾಲ ಹಿಡಿದ ಹಾಗೆ. ಬೋಗುಣಿ ವಾಲಿತು. ಕಪ್ಪು ನೀರು ಮೆಟ್ಟಿಲಿನ ಬಿಳಿ ಕಲ್ಲಿನ ಮೇಲೆ ಹರಿಯಿತು.

ಇಷ್ಟು ವರ್ಷ ಕಾಲು ತೊಳೆದ ಮನುಷ್ಯನಿಗೆ ಕಾಲು ತೊಳೆಯಲು ಬರುತ್ತಿರಲಿಲ್ಲ. ಅದು ಎಲ್ಲರಿಗೂ ಕಂಡಿತು.

ಪಾದ್ರಿ ಪಕ್ಕದ ಬಾಗಿಲ ಕಡೆ ನೋಡಿ ಎರಡು ಬೆರಳು ಅಲ್ಲಾಡಿಸಿದರು, ಹೋಟೆಲಿನಲ್ಲಿ ಮೇಜು ಒರೆಸಲು ಕರೆದ ಹಾಗೆ. "ಬಾಮ್ಮಾ ಇಲ್ಲಿ." ಅವರ ಎದೆಯ ಮೇಲೆ ಮೈಕು ಸಿಕ್ಕಿಸಿತ್ತು. ಆ ಮಾತು ಇಡೀ ಚರ್ಚಿಗೆ ಕೇಳಿತು.

ಅವಳು ಹೋದಳು. ಮೂರು ಮೆಟ್ಟಿಲು ಹತ್ತಿದಳು. ಆರಾಧನೆಯ ಹೊತ್ತಿನಲ್ಲಿ, ಕೈಯಲ್ಲಿ ಬಟ್ಟೆಯಿಲ್ಲದೆ, ಮೊದಲ ಸಲ. ಮಂಡಿಯೂರುತ್ತಾಳೆ ಎಂದು ಪಾದ್ರಿ ಸ್ವಲ್ಪ ಪಕ್ಕಕ್ಕೆ ಸರಿದು ಟವೆಲು ಚಾಚಿದರು. ಅವಳು ಊರಲಿಲ್ಲ. ಮೇಲಿನಿಂದ ಅವರ ನೆತ್ತಿ ಕಂಡಿತು. ಕೂದಲು ತೆಳ್ಳಗಾಗಿತ್ತು.

"ಬೇಗ" ಎಂದರು ಪಾದ್ರಿ, ಹಲ್ಲು ಕಚ್ಚಿ.

"ತೊಳೆಯಲ್ಲ ಅಯ್ನೋರೇ."

ಮೈಕು ಅದನ್ನೂ ಹಿಡಿಯಿತು. ಅವಳಿಗೆ ತನ್ನ ದನಿ ಗೋಡೆಗಳಿಂದ ವಾಪಸು ಬಂದದ್ದು ಕೇಳಿ ಒಂದು ಕ್ಷಣ ದಿಗಿಲಾಯಿತು. ಆಮೇಲೆ ಹೇಳಿದಳು. ಜೋರಾಗಿಯೇನೂ ಅಲ್ಲ.

"ಹನ್ನೊಂದು ಜನರ ಕಾಲು ಈಗ ನಾನೇ ಹಿಂದಿನ ಕೋಣೇಲಿ ತೊಳ್ದು ಕಳಿಸ್ದೆ. ಇಪ್ಪತ್ತೆರಡು ವರ್ಷದಿಂದ ನಾನೇ ತೊಳೀತಿದ್ದೀನಿ. ಈ ಕಾಲನ್ನ ತೊಳೆಯಲ್ಲ. ಇದು ನನ್ನ ಮಗಳ ಹೊಟ್ಟೆಗೆ ಒದ್ದ ಕಾಲು. ಮಗಳು ಮೆಟ್ಟಿಲಿಂದ ಜಾರಲಿಲ್ಲ. ಏಳು ತಿಂಗಳಾಗಿತ್ತು. ಆವತ್ತಿನ ರಕ್ತಾನೂ ನಾನೇ ತೊಳ್ದೆ. ನಾಲ್ಕು ಬಕೆಟ್ ನೀರು ಹಿಡೀತು. ಆಮೇಲೆ ಈ ಕಾಲಿಗೆ ಅಂತ ನನ್ನ ಹತ್ರ ನೀರು ಉಳಿದಿಲ್ಲ."

ಪಾದ್ರಿ ಮೈಕಿನ ಮೇಲೆ ಕೈ ಮುಚ್ಚಿದರು. ಕೈಯಲ್ಲಿದ್ದ ಆಯಿಲ್ ಬಿಳಿ ನಿಲುವಂಗಿಗೆ ಹತ್ತಿತು. "ನಾನು ಸಭೆಗೆ ಮಾತು ಕೊಟ್ಟಿದ್ದೀನಿ, ಮರ್ಯಾದೆ ಕಳೀಬೇಡ" ಎಂದು ಪಿಸುಗುಟ್ಟಿದರು.

ಈಗ ಅವಳಿಗೆ ಮೈಕು ಬೇಕಿರಲಿಲ್ಲ. "ಯೆಫ್ತಾಹನೂ ಮಾತು ಕೊಟ್ಟಿದ್ದ. ಸತ್ತಿದ್ದು ಅವನಲ್ಲ, ಮಗಳು. ನನ್ನ ಮಗಳನ್ನ ನಾನು ಕೊಡಲ್ಲ."

"ಸುಳ್ಳು" ಎಂದ ಅಳಿಯ, ಕಾಲು ಒಳಗೆಳೆದುಕೊಂಡು. ಹಾಡುವಾಗಿನ ದನಿ ಅದಾಗಿರಲಿಲ್ಲ.

ಹೆಡ್‌ಮಾಸ್ಟರು ಎದ್ದು ನಿಂತರು. ಹೊಸದಾಗಿ ಕತ್ತರಿಸಿದ ಉಗುರಿನ ಕಾಲಲ್ಲೇ. "ಹೆಂಗಸರು ಸಭೆಯಲ್ಲಿ ಮೌನವಾಗಿರಬೇಕು ಅಂತ ಬರೆದಿದೆ. ಕೆಳಗೆ ಇಳಿ."

ಹೆಂಗಸರ ಸಾಲಿನಿಂದ ಊರುಗೋಲು ನೆಲಕ್ಕೆ ಬಡಿದ ಸದ್ದು ಬಂತು. ಓದೋ ಅಜ್ಜಿ ಎದ್ದಿದ್ದಳು. "ಬರೆದಿದೆ ಮೇಷ್ಟ್ರೇ. ಸಮಾಧಿಯಿಂದ ಎದ್ದ ಸ್ವಾಮಿ, ಹೋಗಿ ಗಂಡಸರಿಗೆ ಹೇಳು ಅಂತ ಮಗ್ದಲದ ಮರಿಯಳನ್ನ ಕಳಿಸಿದ್ದೂ ಬರೆದಿದೆ. ಅದನ್ನ ಓದೋವಾಗ ನಿಮಗೆ ಕನ್ನಡಕ ಸಿಗಲ್ಲ."

ಬೇರೆ ಯಾರೂ ಏಳಲಿಲ್ಲ. ಬುಧವಾರ ಬಾಯಿಗೆ ಬಟ್ಟೆ ಒತ್ತಿ ನಕ್ಕವರು ಇದ್ದರು. ಹೂವಿನವರು, ಒಗೆಯುವವರು, ಪಾತ್ರೆಯವರು. ಎಲ್ಲರೂ ಮಡಿಲು ನೋಡಿಕೊಂಡರು. ಅವರಿಗೂ ಗಂಡಂದಿರಿದ್ದರು, ಅವರವರ ಮನೆಗಳಲ್ಲೂ ಮೆಟ್ಟಿಲುಗಳಿದ್ದವು. ಪೇತ್ರನತ್ತೆಗೆ ಅವರ ಮೇಲೂ ಸಿಟ್ಟು ಬಂತು. ಆ ಸಿಟ್ಟು ಇನ್ನೂ ಹೋಗಿಲ್ಲ.

ಹಿಂದಿನ ಬೆಂಚಿನಿಂದ ಮಗಳು ಎದ್ದಳು. ನಡುದಾರಿಯಲ್ಲಿ ನಡೆದು ಬಂದಳು. ಅವಳ ಹಿಂದೆ ಯಾರೋ ದಡದಡ ನಡೆದ ಸದ್ದಾಯಿತು. ಅವಳು ಪಕ್ಕಕ್ಕೆ ಸರಿಯಲಿಲ್ಲ. ಮೆಟ್ಟಿಲಿನ ಬುಡದಲ್ಲಿ ನಿಂತು ತಾಯಿಯ ಒದ್ದೆ ಕೈ ಹಿಡಿದಳು.

"ಬಾ ಅಮ್ಮಾ."

ಪಕ್ಕದ ಬಾಗಿಲು ಹತ್ತಿರವಿತ್ತು. ಅವರು ಮುಂಬಾಗಿಲಿನಿಂದ ಹೊರಗೆ ಹೋದರು.

ಶುಕ್ರವಾರ ಬೆಳಿಗ್ಗೆ ಇಬ್ಬರು ಹಿರಿಯರು ಬಂದು ಕೋಣೆಯ ಬೀಗದ ಕೈ ಕೇಳಿದರು. ಸ್ವಾಮಿ ಶಿಲುಬೆಗೇರಿದ ದಿನ ಅದು. ಅವರಿಬ್ಬರೂ ಉಪವಾಸವಿದ್ದರು, ಹಾಗಾಗಿ ಹೆಚ್ಚು ಮಾತಾಡಲಿಲ್ಲ. ತಾಯಿ ಮಗಳು ಟ್ರಂಕನ್ನು ಎರಡು ಕಡೆ ಹಿಡಿದು ಬೀದಿ ದಾಟಿ ಓದೋ ಅಜ್ಜಿಯ ಕೋಣೆಗೆ ಹೋದರು. ಅಲ್ಲಿ ಮೂವರು ಮಲಗಲು ಜಾಗವಿರಲಿಲ್ಲ. ಮಲಗಿದರು.

ಭಾನುವಾರ ಪುನರುತ್ಥಾನದ ಆರಾಧನೆ. ಚರ್ಚಿನ ಹೊರಗೆ ಕಟ್ಟಿದ ಲೌಡ್‌ಸ್ಪೀಕರು ಎದುರಿನ ಕೋಣೆಗೆ ನೇರವಾಗಿ ಕೂಗುತ್ತಿತ್ತು. ಮೊದಲು ಅಳಿಯ ಒಬ್ಬನೇ ಹಾಡಿದ. ದನಿಯಲ್ಲಿ ಒಂದು ಬಿರುಕೂ ಇರಲಿಲ್ಲ. ಆಮೇಲೆ ಪಾದ್ರಿಯ ಪ್ರಸಂಗ. ಹೆಂಗಸರು ಖಾಲಿ ಸಮಾಧಿಯನ್ನು ಕಂಡು ಓಡಿಬಂದು ಹೇಳಿದರು, ಶಿಷ್ಯರು ಅದನ್ನು ಬರಿಯ ಹರಟೆ ಎಂದುಕೊಂಡು ನಂಬಲಿಲ್ಲ ಎಂದರು. ಎಂಥ ಮಂದಬುದ್ಧಿಯವರು ಆ ಶಿಷ್ಯರು ಎಂದರು. ಅಜ್ಜಿ ನಕ್ಕಳು. ನಗುತ್ತ ನಗುತ್ತ ಕೆಮ್ಮು ಬಂತು, ಮಗಳು ಬೆನ್ನು ಸವರಿದಳು. ಪೇತ್ರನತ್ತೆಗೆ ನಗು ಬರಲಿಲ್ಲ.

ಸಂಜೆ ಪಾದ್ರಿಯಮ್ಮ ಬಂದಳು. ಹೊಸಿಲ ಆಚೆಯೇ ನಿಂತಳು. ಮುಖದಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. ಬೆರಳ ತುದಿಗಳು ಕೆಂಪಾಗಿ ಸುಲಿದಿದ್ದವು.

"ಮೆಟ್ಟಿಲಿನ ಮೇಲಿನ ಆ ಕಲೆ ಹೋಗ್ತಾನೇ ಇಲ್ಲ. ಇವತ್ತು ಹೂಕುಂಡ ಇಟ್ಟು ಮುಚ್ಚಿದ್ದೆ. ಸೋಡಾ ಹಾಕ್ದೆ, ಆಸಿಡ್ ಹಾಕ್ದೆ. ಇಷ್ಟು ವರ್ಷ ಆ ಕಲ್ಲನ್ನ ಅಷ್ಟು ಬೆಳ್ಳಗೆ ಇಟ್ಟಿದ್ದೆಯಲ್ಲ, ಏನು ಹಾಕ್ತಿದ್ದೆ? ಅದೊಂದು ಹೇಳಿಬಿಡು. ಅಯ್ನೋರು ಕೇಳ್ಕೊಂಡು ಬಾ ಅಂದ್ರು."

ಪೇತ್ರನತ್ತೆ ಕಾಲು ಚಾಚಿ ಕೂತಿದ್ದಳು. ಮಗಳು ಬಟ್ಟಲಿನಲ್ಲಿ ಮೇಣ ಕರಗಿಸಿಕೊಂಡು ಅವಳ ಹಿಮ್ಮಡಿಯ ಬಿರುಕಿಗೆ ತುಂಬುತ್ತಿದ್ದಳು. ಪಾದ್ರಿಯಮ್ಮನನ್ನು ಕಂಡರೂ ತಾಯಿ ಕಾಲನ್ನು ಎಳೆದುಕೊಳ್ಳಲಿಲ್ಲ.

"ಏನೂ ಹಾಕ್ತಿರಲಿಲ್ಲಮ್ಮಾ. ಮಂಡಿಯೂರಿ ಉಜ್ಜಬೇಕು, ಅಷ್ಟೇ. ಅಯ್ನೋರಿಗೆ ಹೇಳಿ. ಅವರಿಗೆ ಮಂಡಿಯೂರೋದು ಗೊತ್ತು."